ಹುಟ್ಟು ಹಾಕಿದವರ ಮತ

ಪ್ರಶ್ನೆ: ಪ್ರಜಾಪ್ರಭುತ್ವ ಹುಟ್ಟಿದ್ದು ಅಥೆನ್ಸ್‌ನಲ್ಲಿ ಅಂತ ಶಾಲೆಯಲ್ಲಿ ಓದಿದ್ದೆ. ಈಚೆಗೆ ಪೆಲೊಪೊನೀಷಿಯನ್ ಯುದ್ಧದ ಬಗ್ಗೆ ಓದುವಾಗ ಗಲಿಬಿಲಿಯಾಯಿತು. ಅದೇ ಅಥೆನ್ಸ್ ಸಣ್ಣಪುಟ್ಟ ಊರುಗಳಿಂದ ಕಪ್ಪ ವಸೂಲಿ ಮಾಡಿತು. ಸಭೆ ಸೇರಿ, ಕೈ ಎತ್ತಿ, ಇಡೀ ಊರಿನ ಗಂಡಸರನ್ನು ಕೊಲ್ಲಲು ತೀರ್ಮಾನಿಸಿತು. ಕೊನೆಗೆ ರಾಜರಿದ್ದ ಸ್ಪಾರ್ಟಾದ ಎದುರು ಸೋತಿತು. ಹಾಗಾದರೆ ಪ್ರಜಾಪ್ರಭುತ್ವವೇ ಅಥೆನ್ಸನ್ನು ಮುಳುಗಿಸಿತಾ?

ಉತ್ತರ: ಅಥೆನ್ಸ್‌ನಲ್ಲಿ ಪ್ನಿಕ್ಸ್ ಅಂತ ಒಂದು ಗುಡ್ಡ ಇದೆ. ಊರಿನ ಸಭೆ ಸೇರುತ್ತಿದ್ದದ್ದು ಅಲ್ಲೇ. ಮಾತಾಡುವವರು ನಿಲ್ಲಲು ಅಲ್ಲೊಂದು ಕಟ್ಟೆ ಇತ್ತು. ಕ್ರಿ.ಪೂ. 404ರಲ್ಲಿ ಅಥೆನ್ಸ್ ಸೋತ ಮೇಲೆ, ಸ್ಪಾರ್ಟಾದ ಬಲದಿಂದ ಮೂವತ್ತು ಜನ ಅಧಿಕಾರ ಹಿಡಿದರು. ಅವರು ಮಾಡಿದ ಒಂದು ಕೆಲಸವನ್ನು ಪ್ಲುಟಾರ್ಕ್ ಎಂಬ ಹಳೆಯ ಗ್ರೀಕ್ ಬರಹಗಾರ ಹೇಳುತ್ತಾನೆ. ಸಮುದ್ರದ ಕಡೆ ಮುಖ ಮಾಡಿದ್ದ ಆ ಕಟ್ಟೆಯನ್ನು ಅವರು ಒಳನಾಡಿನ ಕಡೆಗೆ ತಿರುಗಿಸಿದರಂತೆ. ಪ್ರಜಾಪ್ರಭುತ್ವಕ್ಕೆ ತಾಯಿ ಸಮುದ್ರ ಅನ್ನುವುದು ಅವರ ಎಣಿಕೆ. ಹೊಲ ಉಳುವವನಾದರೆ ಮೇಲಿನವರ ಆಳ್ವಿಕೆಯನ್ನು ಸಹಿಸಿಕೊಂಡು ಸುಮ್ಮನಿರುತ್ತಾನೆ, ಸಮುದ್ರ ಕಂಡವನು ಸುಮ್ಮನಿರುವುದಿಲ್ಲ ಅಂತ.

ಆ ಮೂವತ್ತು ಜನ ಕ್ರೂರಿಗಳು. ಆದರೆ ಈ ಒಂದು ವಿಷಯ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ನಿಮ್ಮ ಪ್ರಶ್ನೆಗೂ ಉತ್ತರ ಇರುವುದು ಸಮುದ್ರದಲ್ಲೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹಡಗಿನ ಹುಟ್ಟಿನಲ್ಲಿ, ಅಂದರೆ ನೀರು ತಳ್ಳುವ ಆ ಕೋಲಿನಲ್ಲಿ. ಪ್ರಜಾಪ್ರಭುತ್ವ ಅಥೆನ್ಸನ್ನು ಮುಳುಗಿಸಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಗಂತ ಅದರ ಕೈಗೆ ರಕ್ತ ಹತ್ತಿರಲಿಲ್ಲ ಅಂತಲೂ ಹೇಳಲಾರೆ. ಎರಡನ್ನೂ ಒಟ್ಟಿಗೆ ನೋಡಬೇಕು. ಮುಂದೆ ಬರುವ ಇಸವಿಗಳೆಲ್ಲ ಕ್ರಿಸ್ತಪೂರ್ವದವು.

ಮೊದಲು ಒಂದು ವಿಷಯ. ಆಗ ಗ್ರೀಸ್ ಅನ್ನುವ ದೇಶವೇ ಇರಲಿಲ್ಲ. ಬೆಟ್ಟಗಳ ನಡುವೆ, ದ್ವೀಪಗಳ ಮೇಲೆ, ಸಮುದ್ರದ ಅಂಚಿನಲ್ಲಿ ನೂರಾರು ನಗರ-ರಾಜ್ಯಗಳಿದ್ದವು. ಭಾಷೆ ಒಂದೇ, ದೇವರುಗಳು ಅವೇ, ಒಲಿಂಪಿಯಾದ ಆಟಕ್ಕೆ ಎಲ್ಲರೂ ಹೋಗುತ್ತಿದ್ದರು. ಆದರೆ ಕಾನೂನು ಬೇರೆ, ಸೈನ್ಯ ಬೇರೆ, ಪಂಚಾಂಗ ಕೂಡ ಬೇರೆ. ಪಕ್ಕದ ಊರಿನ ಜೊತೆ ಗಡಿ ಜಮೀನಿಗಾಗಿ ಜಗಳ ಆಗಾಗ ಆಗುತ್ತಲೇ ಇತ್ತು. ಬೇಸಿಗೆಯಲ್ಲಿ ಯುದ್ಧ, ಬಿತ್ತನೆ ಹೊತ್ತಿಗೆ ಮನೆ. ಬಹುತೇಕ ಊರುಗಳಲ್ಲಿ ಯುದ್ಧಕ್ಕೆ ಹೋಗುತ್ತಿದ್ದವನು ಸ್ವಂತ ಜಮೀನಿದ್ದ ರೈತ. ಗುರಾಣಿ, ಈಟಿ, ಶಿರಸ್ತ್ರಾಣ ಎಲ್ಲ ಅವನ ಸ್ವಂತ ದುಡ್ಡಿನದು. ಅದನ್ನು ಕೊಳ್ಳುವ ಶಕ್ತಿ ಇಲ್ಲದವನಿಗೆ ರಣರಂಗದಲ್ಲಿ ದೊಡ್ಡ ಪಾತ್ರ ಇರಲಿಲ್ಲ. ಹಾಗಾಗಿ ಊರಿನ ಸಭೆಯಲ್ಲೂ ಅವನ ಮಾತಿಗೆ ತೂಕ ಇರಲಿಲ್ಲ. ಯಾರು ಊರನ್ನು ಕಾಯುತ್ತಾರೋ ಅವರ ಮಾತು ನಡೆಯುತ್ತದೆ. ಇಡೀ ಕಥೆಯ ಬೇರು ಇದು.

ಸ್ಪಾರ್ಟಾ ಇದನ್ನು ಒಂದು ತುದಿಗೆ ಒಯ್ದಿತ್ತು. ಅಲ್ಲಿ ಇಬ್ಬರು ರಾಜರು. ಅರವತ್ತು ದಾಟಿದ 28 ಹಿರಿಯರ ಮತ್ತು ಆ ಇಬ್ಬರು ರಾಜರ ಒಂದು ಮಂಡಳಿ. ವರ್ಷಕ್ಕೊಮ್ಮೆ ಆರಿಸಿಬರುವ ಐದು ಜನ ಎಫೋರ್ ಎಂಬ ಅಧಿಕಾರಿಗಳು. ಇವರ ಜೊತೆಗೆ ಪ್ರಜೆಗಳ ಸಭೆಯೂ ಇತ್ತು, ಅದನ್ನು ಮರೆಯಬಾರದು. ಆ ಪ್ರಜೆಗಳು ಪೂರ್ಣಾವಧಿ ಸೈನಿಕರು. ಬೇರೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಅವರ ಹೊಲ ಗೇಯುತ್ತಿದ್ದವರು ಹೆಲಟರು ಎಂಬ ಜೀತದಾಳುಗಳು. ಅದರಲ್ಲೂ ಪಕ್ಕದ ಮೆಸೀನಿಯಾ ಸೀಮೆಯನ್ನು ಗೆದ್ದು, ಅಲ್ಲಿನ ಜನರನ್ನೆಲ್ಲ ತಲೆತಲಾಂತರಕ್ಕೆ ಜೀತಕ್ಕೆ ಕಟ್ಟಿದ್ದರು. ಹೆಲಟರ ಸಂಖ್ಯೆ ಸ್ಪಾರ್ಟಾದವರಿಗಿಂತ ಎಷ್ಟೋ ಜಾಸ್ತಿ. ಅದಕ್ಕೇ ಸ್ಪಾರ್ಟಾ ಯಾವಾಗಲೂ ಒಂದು ಕಣ್ಣನ್ನು ಮನೆಯ ಮೇಲೇ ಇಟ್ಟಿರುತ್ತಿತ್ತು. 464ರಲ್ಲಿ ದೊಡ್ಡ ಭೂಕಂಪವಾಯಿತು. ಆ ಗದ್ದಲದಲ್ಲಿ ಹೆಲಟರು ಎದ್ದು ನಿಂತರು, ಅವರನ್ನು ಅಡಗಿಸಲು ವರ್ಷಗಳೇ ಹಿಡಿದವು. ಮುಂದೆ ಅಥೆನ್ಸ್ ಜೊತೆಗಿನ ಯುದ್ಧದ ನಡುವೆ ಸ್ಪಾರ್ಟಾ ಒಂದು ಘೋಷಣೆ ಮಾಡಿತು: ಯುದ್ಧದಲ್ಲಿ ಚೆನ್ನಾಗಿ ಸೇವೆ ಮಾಡಿದ ಹೆಲಟರು ಮುಂದೆ ಬನ್ನಿ, ಬಿಡುಗಡೆ ಕೊಡುತ್ತೇವೆ. ಸುಮಾರು 2,000 ಜನರನ್ನು ಆರಿಸಿದರು. ಅವರು ತಲೆಗೆ ಹೂಮಾಲೆ ಸುತ್ತಿಕೊಂಡು ದೇವಸ್ಥಾನಗಳನ್ನು ಸುತ್ತಿದರು. ಆಮೇಲೆ ಅವರೆಲ್ಲ ಕಾಣೆಯಾದರು. ಒಬ್ಬೊಬ್ಬರೂ ಹೇಗೆ ಸತ್ತರು ಅನ್ನುವುದು ಯಾರಿಗೂ ತಿಳಿಯಲಿಲ್ಲ ಅಂತ ಆ ಯುದ್ಧದ ಇತಿಹಾಸ ಬರೆದ ಥುಸಿಡಿಡೀಸ್ ಹೇಳಿದ್ದಾನೆ. ಮುಂದೆ ಬಂದು ನಿಲ್ಲುವ ಧೈರ್ಯ ಇದ್ದವರೇ ದಂಗೆ ಏಳುವವರು ಅಂತ ಸ್ಪಾರ್ಟಾ ಲೆಕ್ಕ ಹಾಕಿತ್ತು.

ಇದನ್ನು ಇಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಅಥೆನ್ಸ್‌ನ ತಪ್ಪುಗಳನ್ನು ಎಣಿಸುವಾಗ, ಎದುರಿಗಿದ್ದವರು ಯಾರು ಅನ್ನುವುದು ನೆನಪಿರಬೇಕು.

ಈಗ ಅಥೆನ್ಸ್‌ಗೆ ಬರೋಣ. 508ರ ಸುಮಾರಿಗೆ ಕ್ಲೈಸ್ಥೆನೀಸ್ ಎಂಬವನು ಹಳೆಯ ಕುಲಗಳನ್ನು ಬದಿಗಿಟ್ಟು, ಪ್ರಜೆಗಳನ್ನು ಹೊಸದಾಗಿ ಹತ್ತು ಗುಂಪುಗಳಾಗಿ ಹಂಚಿದ. ಕರಾವಳಿ, ಒಳನಾಡು, ಪಟ್ಟಣ, ಈ ಮೂರೂ ಕಡೆಯವರು ಪ್ರತಿ ಗುಂಪಿನಲ್ಲೂ ಇರುವಂತೆ ಮಾಡಿದ. ಗುಂಪಿಗೆ 50 ಜನರಂತೆ 500 ಜನರ ಮಂಡಳಿ ಬಂತು. ಮುಂದೆ ಆ ಮಂಡಳಿಗೂ, ಹೆಚ್ಚಿನ ಹುದ್ದೆಗಳಿಗೂ ಚೀಟಿ ಎತ್ತಿ ಜನರನ್ನು ಆರಿಸತೊಡಗಿದರು. ಚುನಾವಣೆ ನಡೆಸಿದರೆ ಹೆಸರು, ಹಣ ಇದ್ದವರೇ ಗೆಲ್ಲುತ್ತಾರೆ, ಚೀಟಿಗೆ ಬಡವ ಬಲ್ಲಿದ ಅಂತ ಭೇದ ಗೊತ್ತಿಲ್ಲ ಅನ್ನುವುದು ಅವರ ನಂಬಿಕೆ. ಹತ್ತು ಜನ ದಂಡನಾಯಕರಂಥವರನ್ನು ಮಾತ್ರ ಮತ ಹಾಕಿ ಆರಿಸುತ್ತಿದ್ದರು. ಯುದ್ಧ, ಸಂಧಿ, ತೆರಿಗೆ ಎಲ್ಲವೂ ಪ್ನಿಕ್ಸ್ ಗುಡ್ಡದ ಮೇಲೆ, ಬಂದವರ ಕೈಗಳ ಲೆಕ್ಕದಲ್ಲಿ ತೀರ್ಮಾನ. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಮತ ಇರಲಿಲ್ಲ. ಅಂದರೆ ಊರಿನಲ್ಲಿ ಬದುಕುತ್ತಿದ್ದ ಹೆಚ್ಚಿನವರು ಹೊರಗೇ ಉಳಿದಿದ್ದರು.

ಆದರೂ ಬಡ ಪ್ರಜೆಗೆ ನಿಜವಾದ ತೂಕ ಬಂದದ್ದು ಕಾಗದದ ಮೇಲಿನ ಕಾನೂನಿನಿಂದಲ್ಲ. 483ರ ಸುಮಾರಿಗೆ ಅಥೆನ್ಸ್‌ನ ದಕ್ಷಿಣಕ್ಕಿರುವ ಲಾರಿಯನ್ ಗಣಿಯಲ್ಲಿ ಬೆಳ್ಳಿಯ ದೊಡ್ಡ ನಿಕ್ಷೇಪ ಸಿಕ್ಕಿತು. ಬಂದ ಹಣವನ್ನು ತಲೆಗೆ 10 ದ್ರಾಕ್ಮಾ ಬೆಳ್ಳಿ ನಾಣ್ಯದಂತೆ ಹಂಚಿಬಿಡೋಣ ಅನ್ನುವ ಮಾತಿತ್ತು. ಥೆಮಿಸ್ಟೊಕ್ಲೀಸ್ ಎಂಬ ನಾಯಕ ಎದ್ದು ನಿಂತು, ಬೇಡ, ಹಡಗು ಕಟ್ಟೋಣ ಅಂದ. ಕೈಗೆ ಬರುವ ದುಡ್ಡನ್ನು ಬಿಟ್ಟು ಹಡಗಿಗೆ ಮತ ಹಾಕಿ ಅಂತ ಸಾವಿರಾರು ಬಡವರನ್ನು ಒಪ್ಪಿಸುವುದು ಎಷ್ಟು ಕಷ್ಟ ಅಂತ ಯೋಚಿಸಿ. ಅವರು ಒಪ್ಪಿದರು. 480ರಲ್ಲಿ ಪರ್ಷಿಯಾದ ಸೈನ್ಯ ಬಂದು ಅಥೆನ್ಸನ್ನು ಸುಟ್ಟಾಗ, ಊರಿನವರು ಹಡಗು ಹತ್ತಿದ್ದರು. ಸಾಲಮಿಸ್ ಜಲಸಂಧಿಯಲ್ಲಿ ಗ್ರೀಕರು ಗೆದ್ದರು. ಆ ನೌಕಾಪಡೆಯಲ್ಲಿ ಹೆಚ್ಚಿನ ಹಡಗುಗಳು ಅಥೆನ್ಸ್‌ನವೇ.

ಆ ಹಡಗಿನ ಹೆಸರು ಟ್ರೈರೀಮ್. ಉದ್ದ ಸುಮಾರು 37 ಮೀಟರ್. ಮೂರು ಅಂತಸ್ತಿನಲ್ಲಿ 170 ಜನ ಹುಟ್ಟು ಹಾಕುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಹುಟ್ಟು. ಚುಕ್ಕಾಣಿಯವನು, ಸೈನಿಕರು ಎಲ್ಲ ಸೇರಿ 200. ಮೂತಿಗೆ ಕಂಚಿನ ಕೋಡು. ಎದುರಿನ ಹಡಗಿನ ಪಕ್ಕೆಗೆ ಗುದ್ದಿ ತೂತು ಮಾಡುವುದೇ ಅದರ ಯುದ್ಧ. 170 ಹುಟ್ಟು ಒಂದೇ ಉಸಿರಿಗೆ ನೀರಿಗೆ ಬೀಳಬೇಕು. ಒಬ್ಬ ತಪ್ಪಿದರೂ ಪಕ್ಕದವನ ಹುಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಅಂತಸ್ತಿನವನಿಗೆ ಹೊರಗಿನ ಬೆಳಕೂ ಕಾಣದು, ಮೇಲಿನವನ ಬೆವರು ಮೈಮೇಲೆ ಬೀಳುತ್ತದೆ. ನಮ್ಮ ಕಾಲದಲ್ಲಿ, ಕ್ರಿ.ಶ. 1980ರ ದಶಕದಲ್ಲಿ ಇಂಥದೊಂದು ಹಡಗನ್ನು ಮತ್ತೆ ಕಟ್ಟಿ, ಒಲಿಂಪಿಯಾಸ್ ಅಂತ ಹೆಸರಿಟ್ಟು, ಸಮುದ್ರಕ್ಕಿಳಿಸಿ ನೋಡಿದರು. ಇದಕ್ಕೆ ಎಷ್ಟು ಅಭ್ಯಾಸ ಬೇಕು ಅನ್ನುವುದು ಆಗ ಎಲ್ಲರಿಗೂ ಅರ್ಥವಾಯಿತು.

ಹುಟ್ಟು ಹಾಕಲು ಗುರಾಣಿ ಬೇಡ, ಈಟಿ ಬೇಡ, ಜಮೀನು ಬೇಡ. ತೋಳಿನಲ್ಲಿ ಬಲ ಇದ್ದರೆ ಸಾಕು. ಹೀಗೆ ಏನೂ ಇಲ್ಲದವನು ಊರನ್ನು ಕಾಯುವವನಾದ. ಪ್ರಜಾಪ್ರಭುತ್ವವನ್ನು ಇಷ್ಟಪಡದ ಒಬ್ಬ ಅನಾಮಧೇಯ ಅಥೆನ್ಸಿಗ ಆ ಕಾಲದಲ್ಲೇ ಒಂದು ಸಣ್ಣ ಬರಹ ಬರೆದಿದ್ದಾನೆ. ಬಡವರ ಆಳ್ವಿಕೆ ತನಗೆ ಸೇರುವುದಿಲ್ಲ ಅನ್ನುತ್ತಲೇ ಅವನು ಒಪ್ಪಿಕೊಳ್ಳುತ್ತಾನೆ: ಅವರಿಗೆ ಹೆಚ್ಚಿನ ಪಾಲು ಸಿಗುವುದು ನ್ಯಾಯವೇ, ಹಡಗು ನಡೆಸುವವರು ಅವರು, ಊರಿಗೆ ಬಲ ತಂದವರೂ ಅವರೇ. ವಿರೋಧಿಯ ಬಾಯಿಂದ ಬಂದ ಮಾತು ಅಂತ ನನಗೆ ಇದರ ಮೇಲೆ ಜಾಸ್ತಿ ನಂಬಿಕೆ.

ಇನ್ನು ದುಡ್ಡಿನ ಲೆಕ್ಕ. ಪರ್ಷಿಯಾ ಮತ್ತೆ ಬರಬಾರದು ಅಂತ 478ರಲ್ಲಿ ದ್ವೀಪಗಳು, ಕರಾವಳಿಯ ಊರುಗಳು ಅಥೆನ್ಸ್ ಜೊತೆ ಸೇರಿ ಒಕ್ಕೂಟ ಮಾಡಿಕೊಂಡವು. ಕೆಲವರು ಹಡಗು ಕೊಟ್ಟರು, ಹೆಚ್ಚಿನವರು ಹಣ ಕೊಟ್ಟರು. ಬೊಕ್ಕಸ ಇದ್ದದ್ದು ಡೀಲೋಸ್ ದ್ವೀಪದಲ್ಲಿ. ಬರಬರುತ್ತಾ ಒಕ್ಕೂಟ ಸಾಮ್ರಾಜ್ಯವಾಯಿತು. ಬಿಟ್ಟು ಹೋಗುತ್ತೇವೆ ಅಂದ ನ್ಯಾಕ್ಸೋಸ್, ಥಾಸೋಸ್ ದ್ವೀಪಗಳನ್ನು ಅಥೆನ್ಸ್ ಮುತ್ತಿಗೆ ಹಾಕಿ ಬಗ್ಗಿಸಿತು. 454ರಲ್ಲಿ ಬೊಕ್ಕಸ ಅಥೆನ್ಸ್‌ಗೇ ಬಂತು. ಕಪ್ಪದ ಅರವತ್ತನೇ ಒಂದು ಪಾಲನ್ನು ಅಥೀನಾ ದೇವಿಗೆ ತೆಗೆದಿಟ್ಟು, ಯಾವ ಊರಿನಿಂದ ಎಷ್ಟು ಅಂತ ಕಲ್ಲಿನ ಮೇಲೆ ಕೆತ್ತಿಸಿದರು. ಆ ಕಲ್ಲಿನ ತುಂಡುಗಳು ಇವತ್ತಿಗೂ ಇವೆ. ಪಾರ್ಥೆನಾನ್ ದೇಗುಲ ಎದ್ದದ್ದು 447ರಿಂದ 432ರ ನಡುವಿನ ಅದೇ ವರ್ಷಗಳಲ್ಲಿ.

ಸ್ಪಾರ್ಟಾ ಜೊತೆಗಿನ ಯುದ್ಧದ ಮೊದಲ ವರ್ಷಗಳಲ್ಲಿ ಹುಟ್ಟು ಹಾಕುವವನಿಗೆ ದಿನಕ್ಕೆ 1 ದ್ರಾಕ್ಮಾ ಕೂಲಿ. ಒಂದು ಹಡಗಿಗೆ 200 ಜನ, ತಿಂಗಳಿಗೆ 30 ದಿನ. 6,000 ದ್ರಾಕ್ಮಾ ಆಯಿತು. 6,000 ದ್ರಾಕ್ಮಾ ಅಂದರೆ 1 ಟ್ಯಾಲೆಂಟ್. ಯುದ್ಧ ಶುರುವಾಗುವಾಗ ಮಿತ್ರ ನಗರಗಳಿಂದ ವರ್ಷಕ್ಕೆ ಬರುತ್ತಿದ್ದ ಹಣ ಸುಮಾರು 600 ಟ್ಯಾಲೆಂಟ್ ಅಂತ ಆಗಿನ ಅಥೆನ್ಸ್‌ನ ಮುಖ್ಯ ನಾಯಕ ಪೆರಿಕ್ಲಿಸ್ ಸಭೆಗೆ ಲೆಕ್ಕ ಕೊಟ್ಟಿದ್ದ. ಅಂದರೆ 100 ಹಡಗನ್ನು ಆರು ತಿಂಗಳು ಸಮುದ್ರದಲ್ಲಿ ಇಡುವಷ್ಟು. ಬಡ ಅಥೆನ್ಸಿಗನ ಮತಕ್ಕೆ ಬಲ ಕೊಟ್ಟದ್ದು ಹುಟ್ಟು. ಆ ಹುಟ್ಟಿಗೆ ಕೂಲಿ ಕೊಟ್ಟದ್ದು ಬೇರೆ ಊರಿನವರ ಕಪ್ಪ. ಸತ್ಯ ಇಷ್ಟು ಕಹಿ. ನಮ್ಮ ಶಾಲೆಯ ಪುಸ್ತಕಗಳು ಈ ಎರಡನ್ನೂ ಬೇರೆ ಬೇರೆ ಪಾಠಗಳಲ್ಲಿ ಇಡುತ್ತವೆ. ಅದಕ್ಕೇ ನಿಮಗೆ ಗಲಿಬಿಲಿಯಾದದ್ದು.

ಯುದ್ಧ ಯಾಕೆ ಶುರುವಾಯಿತು? ಕಾರ್ಸೈರಾ, ಪೊಟಿಡಿಯಾ, ಮೆಗಾರಾ ಅಂತ ಮೂರು ಊರುಗಳ ಸುತ್ತ ನಡೆದ ಜಗಳಗಳ ಹೆಸರು ಬರುತ್ತವೆ, ಮೂರರಲ್ಲೂ ಸ್ಪಾರ್ಟಾದ ಮಿತ್ರ ನಗರ ಕಾರಿಂತ್ ಅಥವಾ ಅದರ ನೆರೆಯವರಿಗೆ ಅಥೆನ್ಸ್ ಮೇಲೆ ಸಿಟ್ಟು. ಅದರೊಳಗಿನ ನಿಜವಾದ ಕಾರಣ, ಅಥೆನ್ಸ್ ಬೆಳೆದದ್ದು ಮತ್ತು ಅದನ್ನು ನೋಡಿ ಸ್ಪಾರ್ಟಾಗೆ ಹುಟ್ಟಿದ ಭಯ ಅಂತ ಥುಸಿಡಿಡೀಸ್ ಹೇಳುತ್ತಾನೆ. ನಾನು ಬೇರೊಂದು ಸಂಗತಿ ಹೇಳಬೇಕು. 432ರಲ್ಲಿ ಯುದ್ಧದ ಪ್ರಶ್ನೆ ಸ್ಪಾರ್ಟಾದ ಸಭೆಯ ಮುಂದೆ ಬಂತು. ರಾಜ ಆರ್ಕಿಡಾಮಸ್ ಬೇಡ ಅಂದ. ಅವಸರ ಮಾಡಬೇಡಿ, ಈ ಯುದ್ಧವನ್ನು ನಮ್ಮ ಮಕ್ಕಳಿಗೆ ಬಿಟ್ಟುಹೋಗಬೇಕಾದೀತು ಅಂತ ಎಚ್ಚರಿಸಿದ. ಎಫೋರ್ ಸ್ಥೆನೆಲೈಡಾಸ್ ಬೇಕು ಅಂದ. ಸ್ಪಾರ್ಟಾದಲ್ಲಿ ಮತ ಅಂದರೆ ಕೂಗು, ಜೋರಾಗಿ ಕೂಗಿದ ಕಡೆಗೆ ಗೆಲುವು. ಆವತ್ತು ಯಾವ ಕೂಗು ಜೋರು ಅಂತ ಗೊತ್ತಾಗುತ್ತಿಲ್ಲ ಎಂದು ಹೇಳಿ, ಜನರನ್ನು ಎದ್ದು ಎರಡು ಕಡೆ ನಿಲ್ಲುವಂತೆ ಮಾಡಿದ. ಬಹಳ ಜನ ಯುದ್ಧದ ಕಡೆ ನಿಂತರು. ಹಾಗಾಗಿ ಯುದ್ಧಕ್ಕೆ ಮತ ಹಾಕಿದ್ದು ಅಥೆನ್ಸ್ ಒಂದೇ ಅಲ್ಲ. ರಾಜ ಬೇಡ ಅಂದರೂ ಸ್ಪಾರ್ಟಾದ ಸಭೆ ಯುದ್ಧ ಬೇಕು ಅಂದಿತು.

431ರಲ್ಲಿ ಯುದ್ಧ ಶುರು. ಪೆರಿಕ್ಲಿಸ್‌ನ ಯೋಜನೆ ಸರಳ. ಹೊಲ ಬಿಟ್ಟು ಎಲ್ಲರೂ ಕೋಟೆಯೊಳಗೆ ಬನ್ನಿ. ಊರಿನಿಂದ ಪಿರೇಯಸ್ ಬಂದರಿನವರೆಗೆ ಉದ್ದ ಗೋಡೆಗಳಿವೆ, ಧಾನ್ಯ ಹಡಗಿನಲ್ಲಿ ಬರುತ್ತದೆ, ಸ್ಪಾರ್ಟಾ ಹೊರಗೆ ಬೆಳೆ ಸುಟ್ಟುಕೊಳ್ಳಲಿ. ಆದರೆ ಇಕ್ಕಟ್ಟಿನಲ್ಲಿ ತುಂಬಿದ್ದ ಊರಿಗೆ 430ರಲ್ಲಿ ಸಾಂಕ್ರಾಮಿಕ ರೋಗ ನುಗ್ಗಿತು. 429ರಲ್ಲಿ ಪೆರಿಕ್ಲಿಸ್ ತೀರಿಕೊಂಡ.

ಈಗ ನಿಮ್ಮ ಪ್ರಶ್ನೆಯ ನೋವಿನ ಭಾಗಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

428ರಲ್ಲಿ ಲೆಸ್ಬಾಸ್ ದ್ವೀಪದ ಮಿಟಿಲೀನ್ ನಗರ ದಂಗೆ ಎದ್ದಿತು. ಅಲ್ಲಿ ಆಳುತ್ತಿದ್ದವರು ಕೆಲವೇ ಸಿರಿವಂತರು. ಸ್ಪಾರ್ಟಾದ ಸಹಾಯ ಬರುತ್ತದೆ ಅಂತ ಕಾದರು, ಅದು ಹೊತ್ತಿಗೆ ಬರಲಿಲ್ಲ. ಕೊನೆಗೆ ಬಡವರ ಕೈಗೂ ಆಯುಧ ಕೊಟ್ಟರು. ಆಯುಧ ಕೈಗೆ ಬಂದ ಕೂಡಲೇ ಅವರು, ಬಚ್ಚಿಟ್ಟ ಧಾನ್ಯ ಹೊರಗೆ ತನ್ನಿ, ಇಲ್ಲದಿದ್ದರೆ ನಾವೇ ಊರನ್ನು ಅಥೆನ್ಸ್‌ಗೆ ಒಪ್ಪಿಸುತ್ತೇವೆ ಅಂದರು. 427ರಲ್ಲಿ ಊರು ಶರಣಾಯಿತು. ಅಥೆನ್ಸ್‌ನ ಸಭೆ ಸಿಟ್ಟಿನಲ್ಲಿತ್ತು. ಎಲ್ಲ ಗಂಡಸರನ್ನೂ ಕೊಲ್ಲಬೇಕು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಬೇಕು ಅಂತ ತೀರ್ಮಾನವಾಯಿತು. ಅಲ್ಲಿದ್ದ ದಂಡನಾಯಕ ಪಾಕಿಸ್‌ಗೆ ಆಜ್ಞೆ ಹೊತ್ತು ಒಂದು ಹಡಗು ಹೊರಟಿತು.

ಮರುದಿನ ಬೆಳಗಾಗುವಾಗ ಜನರ ಮನಸ್ಸು ಕಲಕಿತ್ತು. ತಪ್ಪು ಮಾಡಿದವರನ್ನು ಬಿಟ್ಟು ಇಡೀ ಊರನ್ನೇ ಕೊಲ್ಲುವುದಾ? ಮತ್ತೆ ಸಭೆ ಕರೆದರು. ಕ್ಲಿಯೋನ್ ಎಂಬ ನಾಯಕ ಎದ್ದು ಜನರನ್ನೇ ಗದರಿಸಿದ. ನಿಮ್ಮ ಸಾಮ್ರಾಜ್ಯ ಅಂದರೆ ದಬ್ಬಾಳಿಕೆ, ಅದನ್ನು ಒಪ್ಪಿಕೊಳ್ಳಿ, ಕರುಣೆ ತೋರಿದರೆ ಉಳಿದವರೂ ಎದ್ದು ನಿಲ್ಲುತ್ತಾರೆ ಅಂದ. ಡಿಯೊಡೋಟಸ್ ಎಂಬವನು ಎದುರು ನಿಂತ. ಆವತ್ತಿನ ಆ ಭಾಷಣ ಬಿಟ್ಟರೆ ಅವನ ಬಗ್ಗೆ ಇತಿಹಾಸದಲ್ಲಿ ಹೆಚ್ಚೇನೂ ಇಲ್ಲ. ಅವನು ಕರುಣೆಯ ಮಾತೇ ಆಡಲಿಲ್ಲ, ಲಾಭದ ಮಾತಾಡಿದ. ಸೋತರೆ ಸಾವೇ ಗತಿ ಅಂತಾದರೆ, ಮುಂದೆ ದಂಗೆ ಎದ್ದ ಯಾವ ಊರೂ ಶರಣಾಗುವುದಿಲ್ಲ. ಎಲ್ಲ ಊರಿನಲ್ಲೂ ಬಡವರು ನಿಮ್ಮ ಕಡೆ ಇದ್ದಾರೆ, ಅವರನ್ನು ಕೊಂದರೆ ನಿಮಗೆ ಯಾರು ಉಳಿಯುತ್ತಾರೆ? ಕೈಗಳು ಎದ್ದವು. ಹೆಚ್ಚುಕಡಿಮೆ ಸಮಸಮ. ಕೂದಲೆಳೆಯಲ್ಲಿ ಡಿಯೊಡೋಟಸ್ ಗೆದ್ದ.

ಎರಡನೇ ಹಡಗು ಹೊರಟಿತು. ಮೊದಲ ಹಡಗು ಸುಮಾರು ಒಂದು ಹಗಲು, ಒಂದು ರಾತ್ರಿ ಮುಂದಿತ್ತು. ದಾರಿ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಅಥೆನ್ಸ್‌ಗೆ ಬಂದಿದ್ದ ಮಿಟಿಲೀನ್‌ನ ದೂತರು ದ್ರಾಕ್ಷಾರಸ, ಬಾರ್ಲಿ ಹಿಟ್ಟು ಕೊಟ್ಟು, ಮೊದಲೇ ತಲುಪಿದರೆ ದೊಡ್ಡ ಬಹುಮಾನ ಅಂದರು. ಹುಟ್ಟು ಹಾಕುವವರು ಊಟಕ್ಕೆಂದು ದಡಕ್ಕೆ ಇಳಿಯಲಿಲ್ಲ. ದ್ರಾಕ್ಷಾರಸ, ಎಣ್ಣೆಯಲ್ಲಿ ಕಲಸಿದ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು. ಸರದಿಯಲ್ಲಿ ಮಲಗಿದರು. ಪುಣ್ಯಕ್ಕೆ ಎದುರು ಗಾಳಿ ಬೀಸಲಿಲ್ಲ. ಮೊದಲ ಹಡಗಿನವರು ನಿಧಾನವಾಗಿ ಹೋಗುತ್ತಿದ್ದರು, ಹೊತ್ತ ಸುದ್ದಿ ಅಂಥದು, ಅವರ ಕೈಗಳು ಹೇಗೆ ತಾನೇ ಏಳುತ್ತವೆ? ಮೊದಲ ಹಡಗು ಮುಟ್ಟಿ, ಪಾಕಿಸ್ ಆಜ್ಞೆಯನ್ನು ಓದಿ, ಕೆಲಸಕ್ಕೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಎರಡನೆಯದು ದಡ ಮುಟ್ಟಿತು. ಊರು ಉಳಿಯಿತು.

ಈ ಕಥೆಯನ್ನು ಅನೇಕರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬಾರದು. ದಂಗೆಯ ಮುಂದಾಳುಗಳು ಅಂತ ಅಥೆನ್ಸ್‌ಗೆ ಕಳಿಸಿದ್ದವರನ್ನು ಕ್ಲಿಯೋನ್‌ನ ಸೂಚನೆಯಂತೆ ಕೊಂದರು. ಅವರ ಸಂಖ್ಯೆ ಸಾವಿರಕ್ಕೂ ಸ್ವಲ್ಪ ಜಾಸ್ತಿ. ಲೆಸ್ಬಾಸ್‌ನ ಹೆಚ್ಚಿನ ಜಮೀನನ್ನು 3,000 ಪಾಲು ಮಾಡಿ, 300 ಪಾಲು ದೇವರಿಗೆ ಬಿಟ್ಟು, ಉಳಿದದ್ದನ್ನು ಅಥೆನ್ಸ್‌ನವರಿಗೆ ಚೀಟಿ ಎತ್ತಿ ಹಂಚಿದರು. ಹುದ್ದೆ ಹಂಚುತ್ತಿದ್ದ ಅದೇ ಚೀಟಿ.

ಅದೇ ಬೇಸಿಗೆಯಲ್ಲಿ ಇನ್ನೊಂದು ಊರು ಶರಣಾಯಿತು. ಅಥೆನ್ಸ್‌ನ ಹಳೆಯ ಗೆಳೆಯ ಪ್ಲಟೀಯಾ. ಅಲ್ಲಿಗೆ ಸ್ಪಾರ್ಟಾದಿಂದ ಐದು ಜನ ನ್ಯಾಯಾಧೀಶರು ಬಂದರು. ಪ್ರತಿಯೊಬ್ಬನನ್ನೂ ಕರೆದು ಒಂದೇ ಪ್ರಶ್ನೆ ಕೇಳಿದರು: ಈ ಯುದ್ಧದಲ್ಲಿ ಸ್ಪಾರ್ಟಾಗೆ, ಅದರ ಮಿತ್ರರಿಗೆ ಏನಾದರೂ ಉಪಕಾರ ಮಾಡಿದ್ದೀಯಾ? ಇಲ್ಲ ಅಂದವನನ್ನು ಕೊಂದರು. 200ಕ್ಕೂ ಹೆಚ್ಚು ಪ್ಲಟೀಯನ್ನರು, ಅವರ ಜೊತೆ 25 ಅಥೆನ್ಸಿಗರು ಸತ್ತರು. ಹೆಂಗಸರು ಗುಲಾಮರಾದರು. ಊರನ್ನು ಆಮೇಲೆ ನೆಲಸಮ ಮಾಡಿದರು. ಪ್ಲಟೀಯಾಕ್ಕೆ ಎರಡನೇ ಹಡಗು ಬರಲಿಲ್ಲ. ಬರುವ ದಾರಿಯೇ ಇರಲಿಲ್ಲ, ಯಾಕೆಂದರೆ ಮರುದಿನ ಎದ್ದು ನಿಂತು, ನಿನ್ನೆ ನಾವು ಮಾಡಿದ್ದು ತಪ್ಪು ಅಂತ ಹೇಳುವ ಡಿಯೊಡೋಟಸ್‌ಗೆ ಅಲ್ಲಿ ಜಾಗ ಇರಲಿಲ್ಲ. ನಾನು ಪ್ರಜಾಪ್ರಭುತ್ವದ ಪರವಾಗಿ ಹೇಳುವ ಮಾತು ಇಷ್ಟೇ. ಆದರೆ ಮಿಟಿಲೀನ್‌ನಲ್ಲಿ ಉಳಿದ ಸಾವಿರಾರು ಜನರಿಗೆ ಅದು ಸಣ್ಣ ಮಾತಲ್ಲ.

ಹನ್ನೊಂದು ವರ್ಷದ ನಂತರ ಮೀಲೋಸ್ ದ್ವೀಪದ ಸರದಿ ಬಂದಾಗ ಎರಡನೇ ಹಡಗು ಹೊರಡಲಿಲ್ಲ. ಮೀಲೋಸ್ ಯಾರ ಕಡೆಯೂ ಸೇರದೆ ಇರುತ್ತೇವೆ ಅಂದಿತ್ತು. 416ರಲ್ಲಿ ಅಥೆನ್ಸ್ ಮುತ್ತಿಗೆ ಹಾಕಿತು. ಚಳಿಗಾಲದಲ್ಲಿ ಊರು ಬಿತ್ತು. ಕೈಗೆ ಸಿಕ್ಕ ಗಂಡಸರನ್ನೆಲ್ಲ ಕೊಂದರು, ಹೆಂಗಸರು ಮಕ್ಕಳನ್ನು ಮಾರಿದರು, 500 ಅಥೆನ್ಸಿಗರನ್ನು ಅಲ್ಲಿ ನೆಲೆಗೊಳಿಸಿದರು. ಇದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಯುದ್ಧ ಹದಿನೈದು ವರ್ಷ ನಡೆದರೆ ಮನುಷ್ಯರು ಏನಾಗುತ್ತಾರೆ ಅನ್ನುವುದನ್ನು ಮಿಟಿಲೀನ್ ಮತ್ತು ಮೀಲೋಸ್ ಪಕ್ಕಪಕ್ಕ ಇಟ್ಟು ನೋಡಬೇಕು.

ಸಿಸಿಲಿ ದ್ವೀಪದ ಮೇಲೆ ಅಥೆನ್ಸ್ ಮಾಡಿದ ದಂಡಯಾತ್ರೆ ಎಲ್ಲರಿಗೂ ಗೊತ್ತಿರುವುದೇ, ಚಿಕ್ಕದಾಗಿ ಹೇಳುತ್ತೇನೆ. 415ರಲ್ಲಿ ಸಭೆ ಮೊದಲು 60 ಹಡಗಿಗೆ ಒಪ್ಪಿತು. ಯುದ್ಧ ಬೇಡವಾಗಿದ್ದ ದಂಡನಾಯಕ ನಿಸಿಯಸ್, ಜನ ಹೆದರಲಿ ಅಂತ ಖರ್ಚನ್ನು ದೊಡ್ಡದು ಮಾಡಿ ಹೇಳಿದ. ಜನ ಹೆದರಲಿಲ್ಲ, ಅವನು ಕೇಳಿದ್ದನ್ನೆಲ್ಲ ಕೊಟ್ಟರು. ಬೇಡ ಅನ್ನಿಸಿದವರು ದೇಶದ್ರೋಹಿ ಅನ್ನಿಸಿಕೊಳ್ಳುವ ಭಯಕ್ಕೆ ಕೈ ಎತ್ತದೆ ಕುಳಿತರು. ಪ್ರಜಾಪ್ರಭುತ್ವದ ನಿಜವಾದ ರೋಗ ನನಗೆ ಕಾಣುವುದು ಇಲ್ಲಿ. ಮೀಲೋಸ್‌ನಂಥ ಕ್ರೌರ್ಯ ಎಲ್ಲ ಬಗೆಯ ಆಳ್ವಿಕೆಯಲ್ಲೂ ಇತ್ತು, ಆದರೆ ಮಾತಾಡುವ ಹಕ್ಕಿದ್ದೂ ಬಾಯಿ ಮುಚ್ಚಿ ಕೂರುವುದು ಪ್ರಜಾಪ್ರಭುತ್ವಕ್ಕೇ ಬರುವ ರೋಗ. ಇನ್ನೊಂದು ವಿಷಯ ಗಮನಿಸಿ. ಎದುರಿಗಿದ್ದ ಸಿಸಿಲಿಯ ಸಿರಾಕ್ಯೂಸ್ ನಗರ ಕೂಡ ಪ್ರಜಾಪ್ರಭುತ್ವವೇ. ತಮ್ಮಂತೆಯೇ ಇರುವ ಊರನ್ನು ಒಳಗಿನಿಂದ ಒಡೆಯಲು ಅಥೆನ್ಸ್‌ಗೆ ಆಗಲಿಲ್ಲ. 413ರಲ್ಲಿ ಸೈನ್ಯ ನಾಶವಾಯಿತು. ಸೆರೆಸಿಕ್ಕವರು 7,000ಕ್ಕೆ ಕಡಿಮೆ ಇಲ್ಲ. ಅವರನ್ನು ಕಲ್ಲುಗಣಿಗಳಲ್ಲಿ ಕೂಡಿಹಾಕಿದರು, ಹೆಣಗಳ ನಡುವೆಯೇ ಬದುಕಿದವರೂ ಇದ್ದರು.

ಇಷ್ಟಾದ ಮೇಲೂ ಅಥೆನ್ಸ್ ಒಂಬತ್ತು ವರ್ಷ ತಡೆದು ನಿಂತಿತು. ಪ್ರಜಾಪ್ರಭುತ್ವ ದುರ್ಬಲ ಅನ್ನುವವರು ಈ ಒಂಬತ್ತು ವರ್ಷಗಳಿಗೆ ಉತ್ತರ ಹೇಳಬೇಕು. 411ರಲ್ಲಿ ಸಿರಿವಂತರ ಗುಂಪೊಂದು ಸಭೆಯನ್ನು ಬೆದರಿಸಿ, 400 ಜನರ ಆಳ್ವಿಕೆ ತಂದಿತು. ಸುದ್ದಿ ಸೇಮೋಸ್ ದ್ವೀಪದಲ್ಲಿದ್ದ ನೌಕಾಪಡೆಗೆ ಮುಟ್ಟಿತು. ಹುಟ್ಟು ಹಾಕುವವರು ಅಲ್ಲೇ ದಡದ ಮೇಲೆ ಸಭೆ ಸೇರಿದರು. ಊರು ನಮ್ಮನ್ನು ಬಿಟ್ಟುಹೋಗಿದೆ, ನಾವು ಊರನ್ನು ಬಿಟ್ಟಿಲ್ಲ ಅಂದುಕೊಂಡರು. ಹಳೆಯ ದಂಡನಾಯಕರನ್ನು ಇಳಿಸಿ, ಥ್ರಾಸಿಬ್ಯುಲಸ್ ಮತ್ತಿತರರನ್ನು ಆರಿಸಿಕೊಂಡರು. ಕೆಲವು ತಿಂಗಳಲ್ಲಿ ಆ 400 ಜನರ ಆಳ್ವಿಕೆ ಬಿತ್ತು.

ಸೋಲು ಬಂದದ್ದು ಕೂಲಿಯ ದಾರಿಯಲ್ಲಿ. ಗ್ರೀಕರಿಗೆ ಬಿಡುಗಡೆ ಕೊಡಿಸುತ್ತೇವೆ ಅಂತ ಯುದ್ಧಕ್ಕಿಳಿದಿದ್ದ ಸ್ಪಾರ್ಟಾ, ಏಷ್ಯಾದ ಕರಾವಳಿಯ ಗ್ರೀಕ್ ಊರುಗಳನ್ನು ಪರ್ಷಿಯಾಕ್ಕೆ ಬಿಟ್ಟುಕೊಡಲು ಒಪ್ಪಿ, ಅಲ್ಲಿಂದ ಹಣ ತಂದಿತು. ಪರ್ಷಿಯಾದ ರಾಜಕುಮಾರ ಸೈರಸ್, ಸ್ಪಾರ್ಟಾದ ನೌಕಾಪಡೆಯ ನಾಯಕ ಲೈಸಾಂಡರ್‌ನ ಕೋರಿಕೆಯಂತೆ ಹುಟ್ಟು ಹಾಕುವವರ ದಿನಗೂಲಿಯನ್ನು 3 ಒಬೋಲ್‌ನಿಂದ 4ಕ್ಕೆ ಏರಿಸಿದ. ಒಂದೇ ಒಂದು ಒಬೋಲ್, ದ್ರಾಕ್ಮಾದ ಆರನೇ ಒಂದು ಭಾಗ. ಅಥೆನ್ಸ್‌ನ ಹಡಗುಗಳಲ್ಲಿ ಬೇರೆ ಊರಿನಿಂದ ಕೂಲಿಗೆ ಬಂದವರೂ ಬಹಳ ಇದ್ದರು. ಅವರನ್ನು ಸೆಳೆಯುವುದೇ ಅದರ ಉದ್ದೇಶ. ಅಥೆನ್ಸ್‌ನ ಬೊಕ್ಕಸ ಬರಿದಾಗುತ್ತಾ ಬಂದಿತ್ತು, ಪರ್ಷಿಯಾದ್ದು ಬರಿದಾಗುವಂಥದ್ದಲ್ಲ.

406ರಲ್ಲಿ ಹಡಗಿಗೆ ಜನವೇ ಸಾಲದೆ, ಅಥೆನ್ಸ್ ಗುಲಾಮರನ್ನೂ ಹತ್ತಿಸಿತು. ಹುಟ್ಟು ಹಾಕಿದವರಿಗೆ ಬಿಡುಗಡೆ, ಪ್ರಜೆಯ ಹಕ್ಕು. ಅವರೆಲ್ಲ ಸೇರಿ ಆರ್ಗಿನೂಸೆ ದ್ವೀಪಗಳ ಬಳಿ ನಡೆದ ನೌಕಾಯುದ್ಧದಲ್ಲಿ ಗೆದ್ದರು. ಆದರೆ ಬಿರುಗಾಳಿಯಿಂದಾಗಿ, ಒಡೆದ ಹಡಗುಗಳಲ್ಲಿ ಉಳಿದಿದ್ದ ತಮ್ಮವರನ್ನು ಎತ್ತಲಾಗಲಿಲ್ಲ. ಸಭೆ ರೊಚ್ಚಿಗೆದ್ದು ಎಂಟು ದಂಡನಾಯಕರಿಗೂ ಒಂದೇ ಮತದಲ್ಲಿ ಮರಣದಂಡನೆ ಕೊಟ್ಟಿತು. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು ಅನ್ನುವ ಕಾನೂನನ್ನೇ ಮೀರಿತು. ಆವತ್ತು ಮಂಡಳಿಯ ಸರದಿಯಲ್ಲಿ ಕುಳಿತಿದ್ದ ಸಾಕ್ರಟೀಸ್ ಒಪ್ಪಲಿಲ್ಲ, ಅವನ ಮಾತು ನಡೆಯಲಿಲ್ಲ. ಊರಿಗೆ ಮರಳಿದ್ದ ಆರು ಜನ ಸತ್ತರು, ಅವರಲ್ಲಿ ಪೆರಿಕ್ಲಿಸ್‌ನ ಮಗನೂ ಒಬ್ಬ. ಆಮೇಲೆ ಜನ ಪಶ್ಚಾತ್ತಾಪಪಟ್ಟರು. ಆದರೆ ಗೆದ್ದು ಬಂದ ಅನುಭವಿ ನಾಯಕರನ್ನು ಊರು ತಾನೇ ಕಳೆದುಕೊಂಡಿತ್ತು. ನಿಮ್ಮ ಪ್ರಶ್ನೆಗೆ ‘ಹೌದು’ ಅನ್ನಬೇಕು ಅನ್ನಿಸುವ ಒಂದು ಘಟನೆ ಇದ್ದರೆ ಅದು ಇದೇ.

ಮರುವರ್ಷ ಈಗೋಸ್‌ಪೊಟಮಿಯಲ್ಲಿ ಲೈಸಾಂಡರ್ ಅಥೆನ್ಸ್‌ನ ಹಡಗುಗಳನ್ನು ದಡದಲ್ಲೇ ಹಿಡಿದ. ತಪ್ಪಿಸಿಕೊಂಡ ಪ್ಯಾರಲಸ್ ಎಂಬ ಹಡಗು ರಾತ್ರಿ ಹೊತ್ತು ಪಿರೇಯಸ್ ಮುಟ್ಟಿತು. ಅಳುವ ಸದ್ದು ಬಂದರಿನಿಂದ ಉದ್ದ ಗೋಡೆಗಳ ಗುಂಟ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಊರಿನವರೆಗೆ ಬಂತು. ಆ ರಾತ್ರಿ ಯಾರೂ ಮಲಗಲಿಲ್ಲ ಅಂತ ಇತಿಹಾಸಕಾರ ಕ್ಸೆನೊಫೋನ್ ಬರೆಯುತ್ತಾನೆ. ಸತ್ತವರಿಗಾಗಿ ಮಾತ್ರ ಅತ್ತದ್ದಲ್ಲ. ನಾವು ಮೀಲೋಸ್‌ಗೆ ಮಾಡಿದ್ದು ಈಗ ನಮಗೆ ಆಗುತ್ತದೆ ಅನ್ನುವ ಭಯಕ್ಕೆ ಅತ್ತರು.

ಸ್ಪಾರ್ಟಾದ ಮಿತ್ರ ನಗರಗಳಾದ ಕಾರಿಂತ್, ಥೀಬ್ಸ್ ಎರಡೂ ಅದನ್ನೇ ಕೇಳಿದವು, ಅಥೆನ್ಸನ್ನು ಅಳಿಸಿಹಾಕಿ ಅಂತ. ಸ್ಪಾರ್ಟಾ ಒಪ್ಪಲಿಲ್ಲ. ಹಿಂದೆ ಗ್ರೀಸ್‌ಗೆ ಕಷ್ಟ ಬಂದಾಗ ದೊಡ್ಡ ಸೇವೆ ಮಾಡಿದ ಊರು ಅಂದಿತು. ಥೀಬ್ಸ್ ಬಹಳ ಬೆಳೆಯಬಾರದು ಅನ್ನುವ ಲೆಕ್ಕವೂ ಅದರೊಳಗೆ ಇದ್ದೀತು ಅಂತ ನನ್ನ ಎಣಿಕೆ. ಹನ್ನೆರಡು ಹಡಗು ಬಿಟ್ಟು ಉಳಿದದ್ದೆಲ್ಲ ಹೋಯಿತು. ಉದ್ದ ಗೋಡೆಗಳನ್ನು ಕೊಳಲಿನ ಸಂಗೀತದ ನಡುವೆ ಕೆಡವಿದರು.

ಆಮೇಲೆ ಬಂದವರೇ ಮೊದಲು ಹೇಳಿದ ಆ ಮೂವತ್ತು ಜನ. ಅವರು ತಿಂಗಳುಗಳಲ್ಲಿ ಕೊಂದ ಅಥೆನ್ಸಿಗರ ಸಂಖ್ಯೆ ಸುಮಾರು 1,500. ಹಣವಿದ್ದ ಪರಊರಿನವರನ್ನು ಆಸ್ತಿಗಾಗಿಯೇ ಕೊಂದರು. ಥ್ರಾಸಿಬ್ಯುಲಸ್ ಸುಮಾರು 70 ಜನರೊಂದಿಗೆ ಬಂದು ಫೈಲಿ ಎಂಬ ಬೆಟ್ಟದ ಕೋಟೆ ಹಿಡಿದ. ಜನ ಸೇರುತ್ತಾ ಹೋದರು. ಅವರು ಇಳಿದು ಬಂದದ್ದು ಪಿರೇಯಸ್‌ಗೆ, ಹುಟ್ಟು ಹಾಕುವವರ ಬಂದರಿಗೆ. 403ರಲ್ಲಿ ಪ್ರಜಾಪ್ರಭುತ್ವ ಮರಳಿತು. ಮರಳಿ ಬಂದವರು ಸೇಡು ತೀರಿಸಿಕೊಳ್ಳಲಿಲ್ಲ. ಆ ಮೂವತ್ತು ಜನ, ಅವರ ಹತ್ತಿರದ ಅಧಿಕಾರಿಗಳನ್ನು ಬಿಟ್ಟು ಬೇರೆ ಯಾರ ಮೇಲೂ ಹಳೆಯ ಕೆಡುಕನ್ನು ಎತ್ತಿ ಆಡುವುದಿಲ್ಲ ಅಂತ ಎಲ್ಲರೂ ಆಣೆ ಮಾಡಿದರು. ಮರಳಿ ಬಂದ ಇವರ ವಿರುದ್ಧ ಹೋರಾಡಲು ಆ ಮೂವತ್ತು ಜನರ ಕಡೆಯವರು ಸ್ಪಾರ್ಟಾದಿಂದ ಮಾಡಿದ್ದ ಸಾಲವನ್ನೂ ಊರಿನ ಹಣದಿಂದಲೇ ತೀರಿಸಿದರು. ಆ ಪ್ರಜಾಪ್ರಭುತ್ವ 322ರಲ್ಲಿ ಮ್ಯಾಸಿಡೋನಿಯಾದ ಕೈಗೆ ಸಿಗುವವರೆಗೆ, ಸುಮಾರು 80 ವರ್ಷ ಉಳಿಯಿತು. ಗೆದ್ದ ಸ್ಪಾರ್ಟಾ 371ರಲ್ಲಿ ಲ್ಯೂಕ್ಟ್ರಾದಲ್ಲಿ ಥೀಬ್ಸ್‌ಗೆ ಸೋತಿತು. ಅಲ್ಲಿದ್ದ 700 ಸ್ಪಾರ್ಟಾ ಪ್ರಜೆಗಳಲ್ಲಿ 400 ಜನ ಸತ್ತರು. ಹೊಸಬರನ್ನು ಪ್ರಜೆಗಳಾಗಿ ಸೇರಿಸಿಕೊಳ್ಳದ ಊರಿಗೆ ಆ 400 ಜನರನ್ನು ಮತ್ತೆ ತುಂಬಲಾಗಲಿಲ್ಲ. ಸ್ವಲ್ಪ ಕಾಲದಲ್ಲೇ ಮೆಸೀನಿಯಾ ಬಿಡುಗಡೆಯಾಯಿತು.

ಇನ್ನೊಂದು ಮಾತು ಉಳಿದಿದೆ. ಊರಿಗೆ ಮರಳಿದ ಮೇಲೆ ಥ್ರಾಸಿಬ್ಯುಲಸ್ ಸಭೆಯ ಮುಂದೆ ಒಂದು ಬೇಡಿಕೆ ಇಟ್ಟ. ಪಿರೇಯಸ್‌ನಿಂದ ನಮ್ಮ ಜೊತೆ ಬಂದವರಿಗೆಲ್ಲ ಪ್ರಜೆಯ ಹಕ್ಕು ಕೊಡೋಣ ಅಂದ. ಅವರಲ್ಲಿ ಪರಊರಿನವರಿದ್ದರು, ಗುಲಾಮರೂ ಇದ್ದರು. ಅವನ ಕಡೆಯವನೇ ಆದ ಆರ್ಕಿನಸ್, ಇದು ಕಾನೂನಿಗೆ ವಿರುದ್ಧ ಅಂತ ದಾವೆ ಹೂಡಿ ಆ ಬೇಡಿಕೆಯನ್ನು ಬೀಳಿಸಿದ. ಹಳೆಯ ಪ್ರಜೆಗಳು ಪ್ನಿಕ್ಸ್ ಗುಡ್ಡ ಹತ್ತಿ ಮತ್ತೆ ಮತ ಹಾಕತೊಡಗಿದರು. ಜೊತೆಗೆ ನಿಂತು ಹೋರಾಡಿದ ಆ ಗುಲಾಮರು ಕೆಳಗೇ ಉಳಿದರು.